ಕಂಪ್ಲೇಂಟ್ ಬಂದದ್ದು ಬೆಲ್ಲಿನ ಮೇಲೆ

ನನ್ನ ಸೋದರಮಾವನಿಗೆ ಹೆಂಡತಿಗಿಂತ ಕರೆಗಂಟೆಯ ಮೇಲೆಯೇ ಪ್ರೀತಿ ಹೆಚ್ಚು! ಈ ಮಾತನ್ನು ನಾನು ಎರಡು ಮದುವೆಗಳಲ್ಲಿ ಮತ್ತು ಒಂದು ನಾಮಕರಣದಲ್ಲಿ ಅತ್ತೆಯ ಎದುರಿಗೇ ಹೇಳಿದ್ದೇನೆ. ಎಲ್ಲರೂ ನಕ್ಕರು, ಅತ್ತೆಯೂ ನಕ್ಕರು. ನನ್ನ ಮಾತು ಕೇಳಿಸಿ ನಕ್ಕರೋ, ಎಲ್ಲರೂ ನಕ್ಕರೆಂದು ನಕ್ಕರೋ ಎಂಬ ಅನುಮಾನ ಹುಟ್ಟಿದ್ದು ಆಮೇಲೆ.

ನನಗೆ ದಿನಚರಿ ಬರೆಯುವ ಚಟವುಂಟು. ನೆನಪನ್ನು ನಂಬಲು ಆಗುವುದಿಲ್ಲವಲ್ಲ, ಅದಕ್ಕೆ. ಆದರೆ ದಿನಚರಿ ಬರೆದವಳೂ ನಾನೇ ಆದ್ದರಿಂದ ಅದನ್ನೂ ಪೂರ್ತಿ ನಂಬುವಂತಿಲ್ಲ. ಮಾವ ಒಂದೇ ಬಾಗಿಲಿಗೆ ಏಳು ಬೆಲ್ ಹಾಕಿದ್ದು ನನಗೆ ನೆನಪಿದೆ. ದಿನಚರಿಯಲ್ಲಿ ಆರೇ ಇವೆ. ಒಂದು ಬೆಲ್ ಎಲ್ಲಿ ಹೋಯಿತು? ಮಾವನನ್ನೇ ಕೇಳಿದರೆ, "ರಿಪೇರಿಗೆ ಲೆಕ್ಕ ಇಡ್ಲಿಕ್ಕೆ ಉಂಟಾ ಮಾರಾಯ್ತಿ?" ಎನ್ನುತ್ತಾರೆ.

ಮಾವ ಅಬುಧಾಬಿಯಲ್ಲಿ ಕಟ್ಟಡಗಳ ಮೇಂಟೆನೆನ್ಸ್ ಕೆಲಸದಲ್ಲಿ ತಲೆ ನರೆಸಿಕೊಂಡವರು. ಕುಳ್ಳಗಿನ ಆಸಾಮಿ. ರೇಷ್ಮೆ ಶರ್ಟು ಹಾಕಿ ಮದುವೆಗೆ ಹೊರಟರೂ ಜೇಬಿನಲ್ಲಿ ಪೆನ್ನಿನ ಬದಲು ಟೆಸ್ಟರ್ ಇರುತ್ತದೆ. ಮನೆ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಹಳೆಯ ಕಟ್ಟಡದ ಏಳನೆಯ ಮಹಡಿಯಲ್ಲಿ. ಆ ಜಾಗಕ್ಕೆ ಹೊಸ ಹೆಸರು ಬಂದು ಎಷ್ಟೋ ಕಾಲವಾಯಿತು. ಮಾವ ಮಾತ್ರ ಹಳೆಯ ಹೆಸರನ್ನು ಇನ್ನೂ ರಿಪೇರಿ ಮಾಡಿಕೊಂಡು ಬಳಸುತ್ತಿದ್ದಾರೆ.

ಅವರ ಮದುವೆಯ ಮೊದಲ ಹದಿನಾಲ್ಕು ವರ್ಷ ಅತ್ತೆ ಊರಿನಲ್ಲಿ, ಮಾವ ಇಲ್ಲಿ. ವರ್ಷಕ್ಕೊಮ್ಮೆ ಒಂದು ತಿಂಗಳ ರಜೆಯಲ್ಲಿ ಸಂಸಾರ. ಫ್ಯಾಮಿಲಿ ವೀಸಾ ಸಿಕ್ಕಿದ ಮೇಲೆಯೇ ಇಬ್ಬರೂ ಒಂದೇ ಮನೆಯಲ್ಲಿ ಉಳಿದದ್ದು. ಇದನ್ನು ಮೊದಲೇ ಹೇಳಿಬಿಡಬೇಕು. ಹೇಳದಿದ್ದರೆ ಮುಂದಿನದ್ದೆಲ್ಲ ಬರೀ ಹುಚ್ಚಿನಂತೆ ಕಾಣುತ್ತದೆ. ನನಗೂ ಹಾಗೆಯೇ ಕಂಡಿತ್ತು.

ಶುರುವಾದದ್ದು ಒಂದು ಮಧ್ಯಾಹ್ನ. ಮಾವನ ಮಗ, ಅಂದರೆ ನನ್ನ ಭಾವ, ಖಲೀಫಾ ಸಿಟಿಯ ವಿಲ್ಲಾದಲ್ಲಿರುವವನು, ಅಮ್ಮನನ್ನು ನೋಡಲೆಂದು ಬಂದ. ಬಾಗಿಲಲ್ಲಿ ನಿಂತು ಬೆಲ್ ಒತ್ತಿದ. ಮತ್ತೆ ಒತ್ತಿದ. ಫೋನ್ ಮಾಡಿದ. ಅದು ಒಳಗೆ ಸೋಫಾದ ಮೇಲೆ ತನ್ನಷ್ಟಕ್ಕೆ ಹಾಡುತ್ತಿದ್ದುದು ಹೊರಗಿನಿಂದಲೇ ಕೇಳಿತು. ಕೊನೆಗೆ ಮಾವ ಕೆಲಸ ಬಿಟ್ಟು ಓಡಿ ಬಂದು ಕೀ ಹಾಕಿ ತೆರೆದರೆ, ಅತ್ತೆ ಅಡುಗೆಮನೆಯಲ್ಲಿ ಶಾಂತವಾಗಿ ಅಲಸಂದೆ ಕೊಯ್ಯುತ್ತಿದ್ದಾರೆ!

"ಅಮ್ಮಾ, ನಿಂಗೆ ಕಿವಿ ಕೇಳುದಿಲ್ಲ," ಎಂದ ಭಾವ.

"ನನ್ನ ಕಿವಿಗೆ ಎಂತ ಆಗಿಲ್ಲ. ಬೆಲ್ ಹಾಳಾಗಿದೆ."

"ಗ್ಯಾಸ್ ಲೀಕ್ ಆದ್ರೆ? ಬೆಂಕಿ ಬಿದ್ರೆ? ಅಪ್ಪ ಸಂಜೆವರೆಗೆ ಇರುದಿಲ್ಲ. ನಮ್ಮಲ್ಲಿಗೆ ಬಾ. ಅಲ್ಲಿ ಇಡೀ ದಿನ ಕೆಲಸದವಳು ಇರ್ತಾಳೆ. ಅಪ್ಪ ಶನಿವಾರ ಭಾನುವಾರ ಬರ್ಲಿ."

ಮಗನ ಮಾತಿನಲ್ಲಿ ತಪ್ಪಿರಲಿಲ್ಲ. ಮಾವನ ಕಂಪೆನಿಯ ವ್ಯಾನು ಬೆಳಿಗ್ಗೆ ಆರಕ್ಕೆ ಈ ಕಟ್ಟಡದ ಕೆಳಗೇ ಬರುತ್ತದೆ, ಖಲೀಫಾ ಸಿಟಿಗೆ ಬರುವುದಿಲ್ಲ. ಅತ್ತೆ ಹೋದರೆ ಪುನಃ ಅವರು ಅಲ್ಲಿ, ಇವರು ಇಲ್ಲಿ, ನಡುವೆ ರಜೆ. ಅತ್ತೆ ಅಲಸಂದೆಯನ್ನು ಇನ್ನೂ ಸಣ್ಣಗೆ ಕೊಯ್ಯತೊಡಗಿದರು. ಮಾವ ಜೇಬಿನಿಂದ ಟೆಸ್ಟರ್ ತೆಗೆದು ಹೇಳಿದ್ದು ಒಂದೇ ಮಾತು: "ಬೆಲ್ ನೋಡುವಾ."

ಮುಂದಿನ ಶನಿವಾರ ನಾನು ದುಬೈಯ ಊದ್ ಮೇಥಾದಿಂದ ಗಂಡ, ಮಗಳೊಂದಿಗೆ ಹೋದಾಗ ಗೋಡೆಯ ಮೇಲಿದ್ದ ಸಂಗೀತದ ಬೆಲ್ ಮಾಯವಾಗಿತ್ತು. "ಡಿಂಗ್ ಅಂತ ಹೇಳಿ ಡಾಂಗ್ ಅಂತ ಸುಮ್ಮನಾಗುದು ಬೆಲ್ಲಾ? ಅದು ಬಿಕ್ಕಳಿಕೆ!" ಎಂದರು ಮಾವ. ನಾನು ಅವರನ್ನು ಬಾಲ್ಕನಿಗೆ ಕರೆದು ಪಿಸುಗುಟ್ಟಿದೆ: "ಮಾವ, ಹಾಳಾದದ್ದು ಬೆಲ್ ಅಲ್ಲ, ಕಿವಿ."

ಮಾವ ನನ್ನನ್ನು ಕೆಟ್ಟ ವೈರಿಂಗ್ ನೋಡುವಂತೆ ನೋಡಿದರು. "ನೋಡು ಮಗಾ, ನಮ್ಮ ಕೆಲಸದಲ್ಲಿ ಒಂದು ಕ್ರಮ ಉಂಟು. ಫ್ಲ್ಯಾಟಿನವರು ಕಂಪ್ಲೇಂಟ್ ಎಂತ ಬರೆಸ್ತಾರೋ ಅದನ್ನೇ ಸರಿ ಮಾಡುದು. ಏಸಿ ಅಂತ ಬರೆದಲ್ಲಿ ಹೋಗಿ ನಳ್ಳಿ ಬಿಚ್ಚುದಲ್ಲ. ಅವಳು ಕಂಪ್ಲೇಂಟ್ ಕೊಟ್ಟದ್ದು ಬೆಲ್ಲಿನ ಮೇಲೆ. ಖಲಾಸ್!"

ಎಂಥ ಮೊಂಡುತನ! ಎಂದು ಅಂದಿನ ದಿನಚರಿಯಲ್ಲಿ ಬರೆದಿದ್ದೇನೆ.

ಆ ದಿನ ಭಾವನೂ ಬಂದಿದ್ದ. ಊಟವಾದ ಮೇಲೆ ಮಾವ ನಮ್ಮನ್ನೆಲ್ಲ ಹಾಲ್‌ನಲ್ಲಿ ನಿಲ್ಲಿಸಿ, ನಿಜವಾದ ವಿದ್ಯುತ್ ಗಂಟೆ ಹೇಗೆ ಬಡಿಯುತ್ತದೆಂದು ತೋರಿಸಲು ಹೊರಟರು. ತೋರಿಸಿದ್ದು ಯಂತ್ರದಲ್ಲಲ್ಲ, ನಮ್ಮಲ್ಲಿ! ನನ್ನ ಗಂಡ ತಂತಿ ಸುತ್ತಿದ ಕಬ್ಬಿಣ, ಅಂದರೆ ವಿದ್ಯುತ್ಕಾಂತ. ಸೋಫಾದಲ್ಲಿ ಕುಳಿತು ಎಳೆಯುವುದು ಅವರ ಕೆಲಸ. ಭಾವ ಕಬ್ಬಿಣದ ಪಟ್ಟಿ, ಅವನ ಕೈಯ ಸೌಟು ಸುತ್ತಿಗೆ. ನಾನು ಅವನ ಶರ್ಟಿನ ತುದಿ ಹಿಡಿದು ಹಿಂದಕ್ಕೆಳೆಯುವ ಸ್ಪ್ರಿಂಗ್. ನನ್ನ ಮಗಳು ಅವನ ಬೆನ್ನಿಗೆ ಬೆರಳು ತಾಗಿಸಿ ನಿಂತ ಸ್ಕ್ರೂ. ಬೆರಳು ತಾಗಿದ್ದರೆ ಕರೆಂಟು ಉಂಟು, ತಪ್ಪಿದರೆ ಇಲ್ಲ. ಅತ್ತೆಯ ಕೈಯಲ್ಲಿ ಗಂಟೆಯ ಬಟ್ಟಲು, ಕುಕ್ಕರಿನ ಮುಚ್ಚಳ.

"ಯಲ್ಲಾ, ಶುರು! ಬಟನ್ ಒತ್ತಿದೆ!" ಎಂದರು ಮಾವ.

ಮಗಳು "ಆನ್" ಎಂದಳು. ಗಂಡ ಭಾವನನ್ನು ಎಳೆದರು. ಸೌಟು ಮುಚ್ಚಳಕ್ಕೆ ಬಡಿಯಿತು, ಟಣ್! ಆದರೆ ಮುಂದಕ್ಕೆ ಹೋದ ಭಾವನ ಬೆನ್ನು ಮಗಳ ಬೆರಳಿನಿಂದ ತಪ್ಪಿತ್ತು. "ಆಫ್!" ಕರೆಂಟಿಲ್ಲ, ಕಾಂತವಿಲ್ಲ. ಗಂಡ ಕೈಬಿಟ್ಟರು. ನಾನು ಹಿಂದಕ್ಕೆಳೆದೆ. ಬೆನ್ನು ಮತ್ತೆ ಬೆರಳಿಗೆ ತಾಗಿತು. "ಆನ್!" ಮತ್ತೆ ಟಣ್! ಆನ್, ಆಫ್, ಟಣ್, ಟಣ್! ಮೂರನೆಯ ಸುತ್ತಿನಲ್ಲಿ ಭಾವನ ಶರ್ಟು ಪರ್ರೆಂದು ಹರಿಯಿತು.

"ಸ್ಪ್ರಿಂಗ್ ಬಿಗಿ ಜಾಸ್ತಿ ಆಯ್ತು," ಎಂದರು ಮಾವ. "ಅಡ್ಜಸ್ಟ್ ಮಾಡ್ಬೇಕು."

ಮಗಳು ಅಷ್ಟಕ್ಕೇ ಬಿಡಲಿಲ್ಲ. "ಬಟ್ ಅಜ್ಜಾ, ಇಟ್ ಈಸ್ ಸ್ವಿಚಿಂಗ್ ಇಟ್‌ಸೆಲ್ಫ್ ಆಫ್!"

"ಅದೇ ಪುಟ್ಟಾ, ಅದೇ ಅದರ ಗಮ್ಮತ್ತು!"

ನಾನು ನಗುವುದನ್ನು ನಿಲ್ಲಿಸಿದೆ. ಕಾಲೇಜಿನಲ್ಲಿ ಈ ಚಿತ್ರವನ್ನು ಬರೆದು, ಭಾಗಗಳನ್ನು ಗುರುತಿಸಿ, ಅಂಕ ಪಡೆದು ಮರೆತವಳು ನಾನು. ಬಡಿಯುವ ಹೊಡೆತವೇ ತನ್ನ ಕರೆಂಟನ್ನು ಕಡಿದುಕೊಳ್ಳುತ್ತದೆ, ಕಡಿದುಕೊಂಡದ್ದರಿಂದಲೇ ಇನ್ನೊಮ್ಮೆ ಬಡಿಯಲು ಸಾಧ್ಯವಾಗುತ್ತದೆ ಎಂಬ ಸಂಗತಿ ನನ್ನ ತಲೆಗೆ ಹೋದದ್ದು ಹರಿದ ಶರ್ಟಿನ ತುಂಡು ಕೈಯಲ್ಲಿ ಹಿಡಿದು ನಿಂತಾಗ! ಒಬ್ಬರೂ ಆಜ್ಞೆ ಕೊಡುವವರಿಲ್ಲ, ಲೆಕ್ಕ ಹಾಕುವ ಚಿಪ್ ಇಲ್ಲ. ಒಂದು ಸುರುಳಿ ತಂತಿ, ಒಂದು ಪಟ್ಟಿ, ಒಂದು ಸ್ಪ್ರಿಂಗ್. ಬೆರಳು ಒತ್ತಿರುವಷ್ಟು ಹೊತ್ತು ಅದು ಬಿಡುತ್ತದೆ, ಹಿಡಿಯುತ್ತದೆ, ಬಿಡುತ್ತದೆ, ಹಿಡಿಯುತ್ತದೆ. ಇದನ್ನು ಮೊದಲು ಯೋಚಿಸಿದವರು ಯಾರೋ, ಅವರಿಗೆ ಆ ದಿನ ಊಟ ಸೇರಿತ್ತೇ?

ಸಂಗೀತದ ಬೆಲ್ಲಿನ ಜಾಗಕ್ಕೆ ಮಾವ ಕೈಯಾರೆ ಮಾಡಿ ಹಾಕಿದ ಎರಡನೆಯ ಬೆಲ್ ಒಂದೇ ಸಲ ಬಡಿದು ಮೌನವ್ರತ ಹಿಡಿಯಿತು. ಮಾವ ಅವಸರದಲ್ಲಿ ಸುರುಳಿಯೊಳಗೆ ಉಕ್ಕಿನ ಬೋಲ್ಟ್ ಹಾಕಿದ್ದರು. ಕರೆಂಟು ಹೋದರೂ ಉಕ್ಕು ಕಾಂತತನವನ್ನು ಬಿಡಲಿಲ್ಲ. ಪಟ್ಟಿ ಅದಕ್ಕೆ ಅಂಟಿಯೇ ಕುಳಿತಿತು. "ಉಕ್ಕಿಗೆ ನೆನಪು ಜಾಸ್ತಿ," ಎಂದು ಮಾವ ವಿವರಿಸಿದರು. "ಬೆಲ್ಲಿಗೆ ಮೆದು ಕಬ್ಬಿಣವೇ ಆಗ್ಬೇಕು. ಕರೆಂಟು ಬಂದಾಗ ಕಾಂತ, ಹೋದ ಕೂಡಲೇ ಎಲ್ಲ ಮರೀಬೇಕು. ನೆನಪಿಟ್ಟುಕೊಂಡು ಕೂತ್ರೆ ಬಾರಿಸ್ಲಿಕ್ಕೆ ಆಗುದಿಲ್ಲ." ದಿನಚರಿ ಬರೆಯುವವಳ ಎದುರು ಹೇಳುವ ಮಾತೇ ಇದು?

ಮೂರನೆಯದು ಚೆನ್ನಾಗಿ ಬಡಿಯಿತು. ಬಹಳ ಚೆನ್ನಾಗಿ! ಸಣ್ಣ ಉಕ್ಕಿನ ಬಟ್ಟಲು, ಕೀರಲು ದನಿ. ದಿನಸಿ ತಂದ ಡೆಲಿವರಿಯವನು ಗುಂಡಿ ಒತ್ತಿದ್ದೇ ತಡ, ಏಳನೆಯ ಮಹಡಿಯವರೆಲ್ಲ ಫೈರ್ ಅಲಾರಂ ಎಂದುಕೊಂಡು, ಪಾಸ್‌ಪೋರ್ಟ್, ಮಕ್ಕಳು, ಒಂದು ಗಿಳಿಪಂಜರ ಹಿಡಿದು ಮೆಟ್ಟಿಲಿಳಿದರು. ಜುಲೈ ತಿಂಗಳ ಬಿಸಿಲು! ಪಾರ್ಕಿಂಗಿನಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತ ಎಲ್ಲರೂ ಮೇಲೆ ನೋಡುತ್ತಿದ್ದರೆ, ಕಟ್ಟಡದ ನಾತೂರ್, ಅಂದರೆ ಕಾವಲುಗಾರ, ಓಡಿಹೋಗಿ ನೋಡಿ ಬಂದು ಮಾವನಿಗೆ ಫೋನ್ ಮಾಡಿದ: "ಸಾಬ್, ಆಗ್ ನಹೀ ಹೈ. ಆಪ್ ಕಾ ಬೆಲ್ ಹೈ."

ಇಡೀ ಮಹಡಿಯಲ್ಲಿ ಅದು ಕೇಳಿಸದಿದ್ದುದು ಒಬ್ಬರಿಗೆ ಮಾತ್ರ. ಅತ್ತೆ ಎಕ್ಸಾಸ್ಟ್ ಫ್ಯಾನ್ ಹಾಕಿ ಮೀನು ಹುರಿಯುತ್ತಿದ್ದರು.

ಸುದ್ದಿ ಖಲೀಫಾ ಸಿಟಿಗೆ ಮುಟ್ಟಿತು. ಭಾವ ಈ ಸಲ ನಗಲಿಲ್ಲ. "ನಾಳೆ ನಿಜವಾದ ಬೆಂಕಿ ಬಿದ್ರೂ ಅಮ್ಮ ಹೀಗೇ ಮೀನು ಹುರೀತಾ ಇರುದು. ಅಪ್ಪ, ಬರುವ ಶನಿವಾರ ನಾನು ಬರ್ತೇನೆ. ಒಂದು ಸಲ ಬೆಲ್ ಒತ್ತುತ್ತೇನೆ. ಅಮ್ಮ ಬಾಗಿಲು ತೆಗೆದ್ರೆ ಸರಿ. ಇಲ್ಲದಿದ್ರೆ ಪೆಟ್ಟಿಗೆ ಕಟ್ಟಿ."

ಆ ವಾರ ನನಗೆ ರಜೆಯಿತ್ತು, ಮಗಳೊಂದಿಗೆ ಅಲ್ಲೇ ಉಳಿದೆ. ಮಾವ ಸಂಜೆ ಕೆಲಸದಿಂದ ಬಂದವರೇ ಬೆಲ್ಲಿಗೆ ಒಂದೊಂದು ಬಟ್ಟಲು ಸಿಕ್ಕಿಸುತ್ತಿದ್ದರು. ಸೈಕಲ್ ಗಂಟೆಯ ಟೊಪ್ಪಿ, ಊಟದ ತಟ್ಟೆ, ಇಡ್ಲಿ ಪಾತ್ರೆಯ ಮುಚ್ಚಳ. ಗುಂಡಿ ಒತ್ತುವುದು ನನ್ನ ಕೆಲಸ. ಮಾವ ಬೆಲ್ಲಿನ ಹತ್ತಿರ ನಿಲ್ಲುತ್ತಲೇ ಇರಲಿಲ್ಲ! ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆಯ ಬೆನ್ನು ನೋಡುತ್ತಿದ್ದರು. ಅತ್ತೆಯ ಕೈಯ ಚೂರಿ ನಿಲ್ಲದೆ ಆಡುತ್ತಿತ್ತು. ಮಾವ ನೋಟ್‌ಬುಕ್ಕಿನಲ್ಲಿ ಬಟ್ಟಲಿನ ಅಗಲ ಬರೆದು ಅಡ್ಡಗೆರೆ ಎಳೆಯುತ್ತಿದ್ದರು.

ಗುರುವಾರ ನನ್ನನ್ನು ಕರೆದು ಹೇಳಿದರು: "ಸಣ್ಣ ದನಿ ಅವಳವರೆಗೆ ಹೋಗುದಿಲ್ಲ. ದಪ್ಪ ದನಿ ಹೋಗ್ತದೆ. ಕೆಳಗೆ ಲಾರಿ ಹೋದ್ರೆ ತಲೆ ಎತ್ತುತ್ತಾಳೆ. ಅಗಲದ ಬಟ್ಟಲು ಬೇಕು, ಸುತ್ತಿಗೆಯ ಕೈ ಉದ್ದ ಬೇಕು, ನಿಧಾನ ಬಡೀಬೇಕು." ಅವರ ಕಣ್ಣು ಅಡುಗೆಮನೆಯ ಅತ್ತ ಮೂಲೆಯ ಕಪಾಟಿನ ಮೇಲಿತ್ತು. ಅಲ್ಲಿ ಅತ್ತೆಯ ಅಮ್ಮ ಕೊಟ್ಟ ಕಂಚಿನ ಗಂಜಿ ಬಟ್ಟಲಿತ್ತು. ಹದಿನಾಲ್ಕು ವರ್ಷ ಊರಿನಲ್ಲಿ ಒಬ್ಬರೇ ಕುಳಿತು ಗಂಜಿ ಉಂಡ ಬಟ್ಟಲು, ಆಮೇಲೆ ಸೀರೆಗಳ ನಡುವೆ ಸುತ್ತಿ ವಿಮಾನದಲ್ಲಿ ತಂದದ್ದು.

"ಮಾವಾ, ಬೇಡ! ಕಂಚು ಬಿರುಕು ಬಿಟ್ರೆ ಮುಗೀತು!"

"ನಂಗೆ ಗೊತ್ತುಂಟು."

ಶುಕ್ರವಾರ ಸಂಜೆ ಅತ್ತೆ ಎದುರು ಫ್ಲ್ಯಾಟಿನವರ ಜೊತೆ ಪೇಟೆಗೆ ಹೋದ ಹೊತ್ತಿನಲ್ಲಿ ಮಾವ ಬಟ್ಟಲನ್ನು ಚಾದರದ ಮೇಲೆ ಕವುಚಿ, ನಡುವೆ ಎಣ್ಣೆ ಬಿಟ್ಟು, ಡ್ರಿಲ್ಲನ್ನು ನಿಧಾನವಾಗಿ ಇಳಿಸಿದರು. ಇಷ್ಟು ವರ್ಷ ಗೋಡೆಗಳಿಗೆ ಮುಖ ನೋಡದೆ ತೂತು ಹೊಡೆದ ಮನುಷ್ಯ ಗಳಿಗೆಗೊಮ್ಮೆ ಡ್ರಿಲ್ ಎತ್ತಿ, ಬಟ್ಟಲಿಗೆ ಕಿವಿಯಿಟ್ಟು ಕೇಳುತ್ತಿದ್ದರು. ಇದು ದಿನಚರಿಯಲ್ಲಿಲ್ಲ. ಆದರೂ ಕಿವಿಯಿಟ್ಟರೆಂದೇ ಹೇಳುತ್ತೇನೆ. ಬಟ್ಟಲು ಬಿರಿಯಲಿಲ್ಲ. ಗೋಡೆಗೆ ಹಾಕಿ, ಕಾಣದಂತೆ ಮರದ ಪೆಟ್ಟಿಗೆ ಮುಚ್ಚುವಷ್ಟರಲ್ಲಿ ಅತ್ತೆ ಬಂದರು. ಪರೀಕ್ಷೆ ಮಾಡಲು ಸಮಯವಾಗಲಿಲ್ಲ.

ಶನಿವಾರ ಭಾವ ಬಂದ. ಅತ್ತೆ ಬಾಗಿಲಿಗೆ ಬೆನ್ನು ಹಾಕಿ ತೊಂಡೆಕಾಯಿ ಹೆಚ್ಚುತ್ತಿದ್ದರು, ತಲೆಯ ಮೇಲೆ ಫ್ಯಾನು ಗುಂಯ್ ಎನ್ನುತ್ತಿತ್ತು. ಮಾವ ಎಂದಿನಂತೆ ಅಡುಗೆಮನೆಯ ಬಾಗಿಲಲ್ಲಿ. ಡೊಂಯ್... ಡೊಂಯ್... ಡೊಂಯ್... ದೇವಸ್ಥಾನದ್ದೂ ಅಲ್ಲದ, ಶಾಲೆಯದ್ದೂ ಅಲ್ಲದ ಒಂದು ಗಂಭೀರ ದನಿ ನೆಲದ ಮೇಲೆ ಹರಿದು ಬಂತು.

ಚೂರಿ ನಿಂತಿತು.

"ಯಾರೋ ಬಂದ್ರು," ಎಂದರು ಅತ್ತೆ. ಕೈ ಒರೆಸಿಕೊಂಡು ಹೋಗಿ ಬಾಗಿಲು ತೆಗೆದರು. ಮಗ ಬಾಯಿ ತೆರೆದುಕೊಂಡು ನಿಂತಿದ್ದ. "ನೋಡಿದ್ಯಾ? ನಾನು ಆವತ್ತೇ ಹೇಳಿದ್ದಲ್ವಾ, ಬೆಲ್ ಹಾಳಾಗಿದೆ ಅಂತ!"

"ಹೌದೌದು," ಎಂದರು ಮಾವ. "ಬೆಲ್ಲೇ ಹಾಳಾಗಿತ್ತು." ಹೇಳಿ ಬಾತ್‌ರೂಮಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು.

ಮಧ್ಯಾಹ್ನ ಪೆಟ್ಟಿಗೆ ತೆರೆದು ಬಟ್ಟಲು ನೋಡಿದ ಅತ್ತೆ ಎರಡು ದಿನ ಮಾವನೊಡನೆ ಮಾತು ಬಿಟ್ಟರು. ಮೂರನೆಯ ದಿನ ಒಂದೇ ವಾಕ್ಯ ಆಡಿದರಂತೆ: "ನಡುವಿಗೇ ಸರಿಯಾಗಿ ತೂತು ಹೊಡೆದಿದ್ದೀರಿ." ಖಲೀಫಾ ಸಿಟಿಯ ಮಾತು ಮತ್ತೆ ಬರಲಿಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕೆಲವು ತಿಂಗಳ ನಂತರ ಅತ್ತೆ ಗುಟ್ಟಾಗಿ ಫೋನ್ ಮಾಡಿ, ನನ್ನನ್ನು ಜೊತೆಗೆ ಕರೆದುಕೊಂಡು ಕಿವಿಯ ಡಾಕ್ಟರ ಹತ್ತಿರ ಹೋದರು. ಬೆಂಕಿಯ ಬಗ್ಗೆ ಮಗ ಹೇಳಿದ ಮಾತು ಅವರ ಮನಸ್ಸಿನಲ್ಲೇ ಇತ್ತು. ಕೂದಲ ಮರೆಯಲ್ಲಿ ಕಾಣಿಸದಂಥ ಒಂದು ಸಣ್ಣ ಯಂತ್ರ ಕಿವಿಗೆ ಬಂತು. "ಮಾವನಿಗೆ ಹೇಳ್ಬೇಡ ಆಯ್ತಾ?" ಎಂದರು. ಯಾಕೆ ಎಂದು ಕೇಳಿದೆ. "ಹೇಳಿದ್ರೆ ಕಂಪ್ಲೇಂಟ್ ಬೇರೆಯೇ ಆಗ್ತದಲ್ಲ ಮಾರಾಯ್ತಿ!"

ಕಳೆದ ವಾರ ನಾನು ಅಲ್ಲಿದ್ದೆ. ಸಂಜೆ ಅತ್ತೆ ಸೊಪ್ಪು ಸೋಸುತ್ತಿದ್ದವರು ತಟ್ಟನೆ ತಲೆ ಎತ್ತಿದರು. ನನಗೆ ಏನೂ ಕೇಳಿಸಿರಲಿಲ್ಲ. ಆಮೇಲೆ ಕೇಳಿಸಿತು, ಲಿಫ್ಟಿನ ಬಾಗಿಲು, ಮಾವನ ಕೆಮ್ಮು, ಅವರ ಜೇಬಿನಲ್ಲಿ ಸದಾ ಇರುವ ಕೀಗೊಂಚಲಿನ ಸದ್ದು. ಅತ್ತೆ ಬರಿಗಾಲಲ್ಲಿ ಸದ್ದಿಲ್ಲದೆ ಹೋಗಿ ಬಾಗಿಲ ಹಿಂದೆ ನಿಂತರು. ಚಿಲಕದ ಮೇಲೆ ಕೈಯಿಟ್ಟರು. ತೆಗೆಯಲಿಲ್ಲ.

ಡೊಂಯ್... ಡೊಂಯ್...

ಅತ್ತೆ ಮುಖವನ್ನು ಅಡುಗೆಮನೆಯ ಕಡೆ ತಿರುಗಿಸಿ, ದೂರದಿಂದ ಕೂಗಿದಂತೆ ಕೂಗಿದರು: "ಓ! ಕೇಳಿತು, ಕೇಳಿತು! ಬಂದೆ!" ನಿಂತಲ್ಲೇ ನಾಲ್ಕು ಹೆಜ್ಜೆ ನಡೆಯುವಷ್ಟು ಹೊತ್ತು ಕಾದು, ಬಾಗಿಲು ತೆಗೆದರು.