ಕಡ ಹೋದ ಆಟದ ಪೀರಿಯಡ್ಡು

ನಾನು ಶಾಲೆಯಲ್ಲಿ ವ್ಯಾಯಾಮ ಶಿಕ್ಷಕ. ಅದೇ ಶಾಲೆಯ ಗಣಿತದ ಮೇಡಂ ಅವರನ್ನು ಮದುವೆಯಾಗಿದ್ದು ನನ್ನ ವೃತ್ತಿಜೀವನದ ಮಹಾಪ್ರಮಾದ. ಬೇರೆ ಯಾರಾದರೂ ಆಟದ ಪೀರಿಯಡ್ಡು ಕಡ ಕೇಳಿದರೆ ಇಲ್ಲ ಎನ್ನಬಹುದು. ಬೆಳಗಿನ ಕಾಫಿ ಲೋಟ ಕೈಗಿಡುತ್ತಾ ಕೇಳುವವಳಿಗೆ ಏನೆನ್ನುವುದು? "ಪಾಠ ಮುಗಿದಿಲ್ಲ ಕಣ್ರೀ, ಇದೊಂದು ವಾರ" ಎಂದಿದ್ದಳು. (ಆ ಒಂದು ವಾರಕ್ಕೆ ಈಗ ಮೂರು ವರ್ಷ.)

ನನ್ನ ಸೀಟಿ ಮೇಜಿನ ಖಾನೆಯಲ್ಲಿ ಸೀಮೆಸುಣ್ಣದ ಜೊತೆ ಮಲಗಿತ್ತು. ಮೈದಾನ ಖಾಲಿ. ನಮ್ಮ ಮಗಳೂ ಅಲ್ಲೇ ಐದನೇ ತರಗತಿ. ಅವಳು ಮುಖ ಕೆಂಪಗೆ ಮಾಡಿಕೊಂಡು ಓಡಿ ಬಂದು ನನ್ನನ್ನು ಮುಟ್ಟುವುದನ್ನು ಒಮ್ಮೆ ಕಾಣಬೇಕು, ಅಷ್ಟೇ ನನ್ನ ಆಸೆ. ಮನೆಯಲ್ಲಾದರೂ ಆಡಿಸೋಣವೆಂದರೆ ಕೆಳಗಿನ ಮನೆಯವರು ಕೋಲಿನಿಂದ ಚಾವಣಿ ಕುಟ್ಟುತ್ತಾರೆ.

ಎರಡು ತಿಂಗಳ ಹಿಂದೆ ಒಂದು ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಕೆಟ್ಟಿತು. ಮಗಳು ಎರಡನೇ ಮಹಡಿಗೇ ಏದುಸಿರು ಬಿಡುತ್ತಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಪಕ್ಕದ ಮನೆಯ ಅಜ್ಜಿ ತರಕಾರಿ ಚೀಲ ಹೊತ್ತು ಅವಳನ್ನು ದಾಟುತ್ತಾ, "ಬೇಗ ಬಾರೇ ಮುದುಕಿ" ಎಂದು ಹತ್ತಿಹೋದರು. ಹಿಂದೆ ಬರುತ್ತಿದ್ದ ಹೆಂಡತಿ ಮಗಳ ಚೀಲ ತನ್ನ ಹೆಗಲಿಗೇರಿಸಿಕೊಂಡಳು. ಮನೆಯ ಬೀಗ ತೆಗೆಯುತ್ತಾ, "ನಾಳೆ ನಿಮ್ಮ ಪೀರಿಯಡ್ಡು ನೀವೇ ತಗೊಳ್ಳಿ" ಎಂದಳು.

ಮರುದಿನ ಸೀಟಿ ಒರೆಸಿಕೊಂಡು ರಣರಂಗಕ್ಕೆ ಇಳಿದೆ. ಐದನೇ ತರಗತಿಯ ಮಕ್ಕಳು ಮೈದಾನದಲ್ಲಿ ಸಾಲಾಗಿ ಕೂತು ಪುಸ್ತಕ ತೆರೆದರು. ಓಡಿ ಎಂದರೆ, "ಎಲ್ಲಿಗೆ ಸಾರ್?" ಎಂದು ಒಬ್ಬ ಕೇಳಿದ. ತೋರಿಸಿಕೊಡಲು ನಾನೇ ಓಡಿದೆ. ಅರ್ಧ ಸುತ್ತಿಗೇ ಪಕ್ಕೆ ಹಿಡಿಯಿತು. ಸ್ಟಾಫ್ ರೂಮಿನಲ್ಲಿ ಕೂತು ಬೆಳೆಸಿದ ಹೊಟ್ಟೆ ನನಗಿಂತ ಮುಂದೆ ಓಡಿ, ನನಗಿಂತ ಮೊದಲೇ ಸುಸ್ತಾಗಿತ್ತು.

ಕಿಟಕಿಯಿಂದ ನೋಡುತ್ತಿದ್ದ ಹೆಂಡತಿ ಇಳಿದು ಬಂದು, ಚಪ್ಪಲಿ ಬಿಟ್ಟು, ನನ್ನ ಕೊರಳಿನ ಸೀಟಿ ತೆಗೆದುಕೊಂಡಳು. "ನನ್ನ ಮುಟ್ಟಿದವರಿಗೆ ಹೋಮ್‌ವರ್ಕ್ ಇಲ್ಲ" ಎಂದವಳೇ ಓಟ ಕಿತ್ತಳು. ಇಡೀ ತರಗತಿ ಬೆನ್ನು ಹತ್ತಿತು. ನಮ್ಮ ಮಗಳೂ ಮುಖ ಕೆಂಪಗೆ ಮಾಡಿಕೊಂಡು, ನಗುತ್ತಾ, ಓಡಿ ಹೋಗಿ ಮುಟ್ಟಿಯೇಬಿಟ್ಟಳು. ಮುಟ್ಟಿದ್ದು ನನ್ನನ್ನಲ್ಲ, ಅವಳಮ್ಮನನ್ನು. ನಾನು ಗೋಲಿನ ಕಂಬ ಹಿಡಿದು ನಿಂತಿದ್ದೆ. ಸಂತೋಷವೋ ಹೊಟ್ಟೆಕಿಚ್ಚೋ, ಕಣ್ಣು ತುಂಬಿ ಬಂತು.

ಈಗ ಆಟದ ಪೀರಿಯಡ್ಡು ಅವಳದೇ. ನಾನು ಸ್ಟಾಫ್ ರೂಮಿನಲ್ಲಿ ಅವಳ ಗಣಿತದ ಉತ್ತರಪತ್ರಿಕೆ ತಿದ್ದುತ್ತೇನೆ. ಹೊರಗೆ ಸೀಟಿ ಕೇಳಿದರೆ ಸಾಕು, ಕಣ್ಣು ಕಿಟಕಿಗೆ ಹೋಗುತ್ತದೆ, ಕೈ ತನ್ನ ಪಾಡಿಗೆ ಎಲ್ಲ ಉತ್ತರಕ್ಕೂ ಸರಿ ಹಾಕುತ್ತಾ ಹೋಗುತ್ತದೆ. ಗಣಿತದ ಅಂಕ ಹೀಗೆ ಒಮ್ಮೆಲೇ ಏರಿದ್ದು ಆಟದ ಮಹಿಮೆಯೆಂದು ಹೆಡ್‌ಮಾಸ್ಟರು ಹಿಗ್ಗಿ, ವಾರಕ್ಕೆ ಇನ್ನೊಂದು ಆಟದ ಪೀರಿಯಡ್ಡು ಮಂಜೂರು ಮಾಡಿದ್ದಾರೆ. ಅದನ್ನೂ ಅವಳಿಗೇ ಕೊಟ್ಟಿದ್ದಾರೆ.