ಕೋರಮಂಡಲ್ ಲೈನಿನ ಪರಂಗಿ ಕ್ರಾಂತಿ

ಭಾರತದ ಪೌಷ್ಟಿಕಾಂಶದ ಸಮಸ್ಯೆಯನ್ನು ಬಗೆಹರಿಸಲು ಬೇಕಾದದ್ದು ಎರಡೇ ಎರಡು: ಒಂದು ಪರಂಗಿ ಹಣ್ಣು, ಮತ್ತು ನನ್ನಂಥ ಒಬ್ಬ ಮನುಷ್ಯ! ಹೀಗೆಂದು ನಾನು ಘೋಷಿಸಿದ್ದು ಎಂಬತ್ತೆರಡನೇ ಇಸವಿಯಲ್ಲಿ, ನಮ್ಮ ಅಡುಗೆಮನೆಯ ನಡುಮಧ್ಯೆ ನಿಂತು. ಸಭಿಕರು ಎಂದರೆ ನನ್ನ ಹೆಂಡತಿ ವೆಂಕಟರತ್ನಮ್ಮ ಒಬ್ಬಳೇ. ಅವಳು ಮುದ್ದೆ ತಿರುವುತ್ತಿದ್ದಳು.

"ಒಸಿ ಪಕ್ಕಕ್ಕೆ ನಿಂತ್ಕೊಳ್ರೀ, ಕೋಲು ತಗುಲ್ತದೆ" ಎಂದಳು.

ಆಗ ನಾನು ಚಿನ್ನದ ಗಣಿಯ ಉಗ್ರಾಣದಲ್ಲಿ ಗುಮಾಸ್ತ. ವಾಸ ಕೋರಮಂಡಲಿನ ಲೈನ್ ಮನೆಗಳಲ್ಲಿ. ಸಾಲಾಗಿ ಹತ್ತು ಮನೆ, ಎಲ್ಲಕ್ಕೂ ಒಂದೇ ಉದ್ದನೆಯ ಸೂರು, ಒಂದೇ ನಲ್ಲಿ. ಮೊದಲ ಮನೆಯಲ್ಲಿ ಒಗ್ಗರಣೆ ಹಾಕಿದರೆ ಕೊನೆಯ ಮನೆಯಲ್ಲಿ ಸೀನುತ್ತಿದ್ದರು.

ನನ್ನ ಘೋಷಣೆಗೆ ಕಾರಣ ಪಕ್ಕದ ಮನೆಯ ಅಲಮೇಲು. ತಂದೆಯಿಲ್ಲದ ಮಗು. ತಾಯಿ ಮುನಿಗಂಗಮ್ಮ ಕೂಲಿಗೆ ಹೋಗಿ ಬಂದು ಅನ್ನ ಬೇಯಿಸಿದರೆ ಅದಕ್ಕೆ ಜೊತೆ ಖಾರದ ನೀರು, ಅಷ್ಟೆ. ಹಗಲೆಲ್ಲ ಜಿಂಕೆಯ ಹಾಗೆ ಓಡಾಡುವ ಹುಡುಗಿ ಸಂಜೆಯಾದರೆ ಗೋಡೆ ಸವರಿಕೊಂಡು ನಡೆಯುತ್ತಿತ್ತು. ಮುಸ್ಸಂಜೆಯಲ್ಲಿ ಮಕ್ಕಳು ಕಣ್ಣಾಮುಚ್ಚಾಲೆ ಆಡುವಾಗ ಅಲಮೇಲುವಿನ ಕಣ್ಣಿಗೆ ಬಟ್ಟೆ ಕಟ್ಟುತ್ತಿರಲಿಲ್ಲ. ಕಟ್ಟುವ ಅಗತ್ಯವಿಲ್ಲ ಎಂದು ಮಕ್ಕಳಿಗೇ ಗೊತ್ತಾಗಿಬಿಟ್ಟಿತ್ತು.

ಬಂಗಾರಪೇಟೆಯಿಂದ ಒಬ್ಬ ಡಾಕ್ಟರಮ್ಮ ಬಂದು ಮಗುವನ್ನು ನೋಡಿ ಮದ್ದು ಕೊಟ್ಟರು. ಆಮೇಲೆ ಲೈನಿನವರನ್ನೆಲ್ಲ ನಲ್ಲಿಯ ಹತ್ತಿರ ಕೂರಿಸಿಕೊಂಡು ಇದು ಇರುಳುಗಣ್ಣು ಎಂದು ವಿವರಿಸಿದರು. ಮದ್ದಿನಿಂದ ಈಗ ವಾಸಿಯಾದರೂ ತಟ್ಟೆಯಲ್ಲಿ ಖಾರದ ನೀರೇ ಉಳಿದರೆ ಕಾಯಿಲೆ ಮತ್ತೆ ಬರುತ್ತದೆ, ಸೊಪ್ಪು ತಿನ್ನಬೇಕು, ಪರಂಗಿ ತಿನ್ನಬೇಕು, ಬಚ್ಚಲ ನೀರು ಸುಮ್ಮನೆ ಮೋರಿಗೆ ಹೋಗುತ್ತಿದೆ, ಎಲ್ಲರೂ ಸೇರಿ ಏನಾದರೂ ಬೆಳೆಯಿರಿ ಎಂದರು. ಸೊಪ್ಪು ಎಂದಾಗ ನನ್ನ ಮನಸ್ಸು ಎಲ್ಲಿಯೋ ಇತ್ತು. ಪರಂಗಿ ಎಂದಾಗ ನೆಟ್ಟಗೆ ಕೂತೆ. ಸೊಪ್ಪು ಯಾರು ಬೇಕಾದರೂ ಬೆಳೆಯುತ್ತಾರೆ. ಮರವೆಂದರೆ ಅದರ ಗತ್ತೇ ಬೇರೆ!

ಒಂದು ಸೊಗಸಾದ ಹಣ್ಣಿನ ಬೀಜ ಒಣಗಿಸಿ, ಒಡೆದ ಮಡಕೆಗಳಲ್ಲಿ ಸಸಿ ಮಾಡಿದೆ. ಗಣಿಯ ಬಿಳಿ ಮಣ್ಣಿನಲ್ಲಿ ಹುಲ್ಲು ಬೆಳೆಯುವುದೇ ಕಷ್ಟ. ಆದ್ದರಿಂದ ಮಾವನವರ ಊರು ಕ್ಯಾಸಂಬಳ್ಳಿಯಿಂದ ಚೀಲಗಟ್ಟಲೆ ಕೊಟ್ಟಿಗೆ ಗೊಬ್ಬರವನ್ನು ಬಸ್ಸಿನಲ್ಲಿ ಸಾಗಿಸಿದೆ. ಮೊದಲ ಸಲ ಕಂಡಕ್ಟರು ಗೊಬ್ಬರವನ್ನು ಬಸ್ಸಿನ ತಲೆಯ ಮೇಲೆ ಹಾಕಿಸಿದ. ಎರಡನೇ ಸಲ ನನ್ನನ್ನೂ ಅಲ್ಲಿಗೇ ಹತ್ತಿಸಿದ. ಲೋಕೋದ್ಧಾರಕರಿಗೆ ಇವೆಲ್ಲ ಮಾಮೂಲು.

ಸಸಿಗಳನ್ನು ಆರಿಸುವಾಗ ನಾನು ಬಹಳ ಶಿಸ್ತು ತೋರಿಸಿದೆ. ಸೊರಗಿದವು, ಕುಳ್ಳಗಿನವು, ಸೊಟ್ಟಗಿನವು ಎಲ್ಲವನ್ನೂ ಕಿತ್ತೆಸೆದು ನೆಟ್ಟಗೆ ದಷ್ಟಪುಷ್ಟವಾಗಿದ್ದವನ್ನು ಮಾತ್ರ ಮನೆಗೊಂದರಂತೆ ಹಂಚಿದೆ. ಜೊತೆಗೆ ಒಂದು ಶಾಸನವನ್ನೂ ಹೊರಡಿಸಿದೆ: ಮರ ಯಾರ ಬಾಗಿಲ ಮುಂದಾದರೂ ಇರಲಿ, ಹಣ್ಣು ಲೈನಿನ ಎಲ್ಲ ಮಕ್ಕಳಿಗೂ ಸಮಪಾಲು. ಎಲ್ಲರೂ ಒಪ್ಪಿದರು. ಗಣಿಯಲ್ಲಿ ಎರಡನೇ ಪಾಳಿ ಮುಗಿಸಿ ಬರುವ ನೆರೆಯ ಕುಪ್ಪುಸ್ವಾಮಿ ಮಗನ ತಲೆ ಸವರುವ ಮೊದಲು ಸಸಿಯ ತುದಿ ಸವರುತ್ತಿದ್ದ.

ಒಂದೇ ಕಿರಿಕಿರಿ ಎಂದರೆ ಹೆಂಗಸರದು. ನಾನು ಗೊಬ್ಬರ ಹಾಕಿ ಮಾಡಿದ ಪಾತಿಗಳಲ್ಲಿ ದಂಟು, ಕೀರೆ ಸೊಪ್ಪಿನ ಬೀಜ ಚೆಲ್ಲಿಬಿಟ್ಟರು. ಯಾರ ಮನೆಯಲ್ಲಿ ಸಾರಿಗಿಲ್ಲವೋ ಅವರು ಯಾವ ಪಾತಿಯಿಂದಾದರೂ ಕಿತ್ತುಕೊಳ್ಳುವುದು. ಪರಂಗಿಯ ಆಹಾರವನ್ನು ಕಳ್ಳ ಸೊಪ್ಪು ತಿನ್ನುತ್ತಿದೆ ಎಂದು ನಾನು ಹೆಂಡತಿ ರತ್ನಳ ಮೇಲೆ ರೇಗಿದೆ. ನಿಮ್ಮ ಮರಕ್ಕೆ ಪುರಸೊತ್ತಿದೆ, ಮಕ್ಕಳ ಹೊಟ್ಟೆಗಿಲ್ಲ ಎಂದಳು. ಆ ದಿನದ ಮಸ್ಸೊಪ್ಪು ಚೆನ್ನಾಗಿತ್ತಾದ್ದರಿಂದ ನಾನು ವಾದ ಬೆಳೆಸಲಿಲ್ಲ.

ಮರಗಳು ಆಳೆತ್ತರ ಬೆಳೆದು ಹೂ ಬಿಟ್ಟವು. ಎಂಥ ಹೂವು! ಉದ್ದುದ್ದ ಎಳೆಗಳಲ್ಲಿ ಗೊಂಚಲು ಗೊಂಚಲಾಗಿ ಜೋತಾಡುವ, ಘಮಘಮಿಸುವ ಹೂವು. ನಾನು ಹೆಮ್ಮೆಯಿಂದ ರತ್ನಳನ್ನು ಕರೆದು ತೋರಿಸಿದೆ. ಅವಳು ಒಂದು ಮರ ನೋಡಿದಳು, ಇನ್ನೊಂದು ನೋಡಿದಳು, ಲೈನಿನ ತುದಿಯವರೆಗೂ ಹೋಗಿ ಬಂದಳು. ಬರುವಾಗ ಸೆರಗು ಬಾಯಿಗೆ ಅಡ್ಡ ಇತ್ತು.

"ರೀ, ಇಂಗೆ ಜೋತಾಡೋದು ಗಂಡು ಗಿಡದ ಊವು. ಕಾಯಿ ಕಚ್ಚಾಕಿಲ್ಲ."

"ಎಲ್ಲವೂ ಗಂಡೇ?"

"ಎಲ್ಲಾನೂವೆ. ಮೊದ್ಲು ದಪ್ಪಗೆ ಬೆಳ್ಯೋದು ಗಂಡು ಸಸಿನೇ ಅಂತ ನಮ್ಮವ್ವ ಏಳೋಳು. ನೀವು ನೋಡಿ ನೋಡಿ ಎಣ್ಣನ್ನೆಲ್ಲ ಕಿತ್ತಾಕಿದ್ರಿ."

ಇಷ್ಟಕ್ಕೇ ನಿಂತಿದ್ದರೆ ಬದುಕಿಕೊಳ್ಳುತ್ತಿದ್ದೆ. ಆದರೆ ಆ ವಾರವೇ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಡಾಕ್ಟರಮ್ಮ ಎದುರಾದರು. ಮರಗಳು ಬಿಟ್ಟಿವೆಯೇ ಎಂದು ಕೇಳಿದರು. ಧಾರಾಳವಾಗಿ ಬಿಟ್ಟಿವೆ ಎಂದೆ. ಹೂವು ಎಂದು ನಾನು ಹೇಳಲಿಲ್ಲ, ಕಾಯಿಯೇ ಎಂದು ಅವರು ಕೇಳಲಿಲ್ಲ. ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸುತ್ತಲ ಹಳ್ಳಿಗಳ ಹೆಂಗಸರನ್ನು ಕರೆದುಕೊಂಡು ಭಾನುವಾರ ಬಂದು ನಿಮ್ಮ ಲೈನನ್ನು ತೋರಿಸುತ್ತೇನೆ ಎಂದರು. ರೈಲು ಬಂತು, ಅವರು ಹತ್ತಿದರು. ನಾನು ಹತ್ತಬೇಕಾದದ್ದೂ ಅದೇ ರೈಲು. ಆದರೆ ನಾನು ಮುಂದಿನ ರೈಲಿಗೆ ಕಾದೆ.

ಡಾಕ್ಟರಮ್ಮ ಬರುವ ಸುದ್ದಿ ಲೈನಿಗೆಲ್ಲ ಹಬ್ಬಿತು. ಭಾನುವಾರ ಬೆಳಿಗ್ಗೆ ನಾನು ಗುಟ್ಟಾಗಿ ಬಂಗಾರಪೇಟೆಯ ಮಾರ್ಕೆಟ್ಟಿಗೆ ಹೋದೆ. ಅಂಗಡಿಯವನು ಇವತ್ತೇನು ಎಲ್ಲರಿಗೂ ಪರಂಗಿಯೇ ಬೇಕಾಗಿದೆಯಲ್ಲ ಎಂದು ಗೊಣಗುತ್ತಾ ಉಳಿದಿದ್ದ ಒಂದೇ ಹಣ್ಣು ಕೊಟ್ಟ. ಮನೆಗೆ ಬಂದು, ಸ್ಟೂಲು ಹತ್ತಿ, ರತ್ನಳ ಜಡೆಯ ಟೇಪಿನಲ್ಲಿ ಅದನ್ನು ಮರಕ್ಕೆ ಬಿಗಿದು ಕೆಳಗಿಳಿದೆ. ಆಗ ಅಕ್ಕಪಕ್ಕ ನೋಡಿದರೆ ಮುನಿಗಂಗಮ್ಮನ ಮರದಲ್ಲೂ ಒಂದು ಹಣ್ಣು! ಅದರಾಚೆಯ ಮರದಲ್ಲಿ ಎರಡು, ಅದರಲ್ಲೊಂದು ತಲೆಕೆಳಗು. ಅಷ್ಟೂ ಮರಗಳು ಒಂದೇ ಬೆಳಿಗ್ಗೆಯಲ್ಲಿ ಫಲ ಬಿಟ್ಟಿದ್ದವು. ಮಾರ್ಕೆಟ್ಟಿನಲ್ಲಿ ಪರಂಗಿ ಸಿಗದ ಕುಪ್ಪುಸ್ವಾಮಿ ಗುಂಡನೆಯ ಸೋರೆಕಾಯಿ ಕಟ್ಟಿದ್ದ.

"ಸೀಕ್ರೆಟ್ಟು ಸಾರ್. ಡಾಕ್ಟರಮ್ಮ ಮುಂದೆ ನಿಮ್ಕೆ ಅವಮಾನ ಆಗ್ಕೂಡಾದು" ಎಂದ.

ಮುನಿಗಂಗಮ್ಮ ತನ್ನ ಮರದ ಬುಡದಲ್ಲಿ ನಿಂತಿದ್ದಳು. ನಾನು ನೋಡಿದಾಗ, "ನೀವು ನಮ್ಮುಡುಗಿ ಸಲುವಾಗಿ ತಾನೆ ಅಣ್ಣ ಇಷ್ಟೆಲ್ಲ ಮಾಡಿದ್ದು" ಎಂದಳು. ಅವಳ ಕೂಲಿಯಲ್ಲಿ ಆ ಹಣ್ಣು ಬಂದಿತ್ತು. ಆ ಕ್ಷಣದಲ್ಲೇ ಎಲ್ಲವನ್ನೂ ಬಿಚ್ಚಿಸಿ ನಿಜ ಹೇಳಿಬಿಡಬೇಕಿತ್ತು. ಹೇಳಲಿಲ್ಲ.

ಡಾಕ್ಟರಮ್ಮನ ಬಸ್ಸು ದಾರಿಯಲ್ಲಿ ಕೆಟ್ಟು ಅವರು ಬಂದದ್ದು ಮುಸ್ಸಂಜೆಗೆ. ಮಬ್ಬು ಬೆಳಕು ನೋಡಿ ನಾನು ಆ ಬಸ್ಸಿಗೆ ಮನಸ್ಸಿನಲ್ಲೇ ಕೈಮುಗಿದೆ. ಬಂದವರನ್ನೆಲ್ಲ ನನ್ನ ಮರದ ಕೆಳಗೆ ನಿಲ್ಲಿಸಿ, ಗೊಬ್ಬರದ ಪ್ರಮಾಣ, ಸಸಿಗಳ ಆಯ್ಕೆ ಎಂದು ಉಪನ್ಯಾಸ ಶುರುಮಾಡಿದೆ. ಎಲ್ಲರೂ ತಲೆಯೆತ್ತಿ ಹಣ್ಣು ನೋಡಿ ತಲೆದೂಗುತ್ತಿದ್ದರು.

"ಅತ್ತೆ, ಅಣ್ಣಿಗೆ ಟೇಪು ಕಟ್ಟವ್ರೆ."

ಅಲಮೇಲು! ರತ್ನಳ ಸೆರಗು ಹಿಡಿದು ನಿಂತಿದ್ದಳು. ಮರಕ್ಕೆ ಭಾರವಾಗಬಾರದೆಂದು ಆಧಾರ ಕೊಟ್ಟಿದ್ದೇವೆ ಎಂದು ನಾನು ತೊದಲಿದೆ. ಹುಡುಗಿ ನನ್ನ ಸಹಾಯಕ್ಕೆ ಬರಲಿಲ್ಲ.

"ಕುಪ್ಪು ಮಾಮನ ಮರದಾಗೆ ಸೋರೆಕಾಯಿ ಕಟ್ಟವ್ರೆ" ಎಂದು ಬೆರಳು ಮಾಡಿದಳು.

ಎಲ್ಲರೂ ಆ ಕಡೆ ತಿರುಗಿದರು. ಅಷ್ಟೂ ಜನರ ನೋಟದ ಭಾರ ತಡೆಯಲಾರದೆಯೋ ಏನೋ, ಸೋರೆಕಾಯಿ ದೊಪ್ಪನೆ ನೆಲಕ್ಕೆ ಬಿತ್ತು. ಕುಪ್ಪುಸ್ವಾಮಿ ಆಕಾಶ ನೋಡತೊಡಗಿದ. ನಾನು ಭೂಮಿ ನೋಡಿದೆ. ಭೂಮಿ ಬಾಯಿಬಿಡುವ ಲಕ್ಷಣ ಕಾಣಲಿಲ್ಲ.

ಆದರೆ ಡಾಕ್ಟರಮ್ಮ ಮರವನ್ನೂ ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ಅಲಮೇಲುವಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು.

"ನಿನಗೆ ಟೇಪು ಕಾಣ್ತಾ ಇದೆಯಾ ಪುಟ್ಟಿ? ಯಾವ ಬಣ್ಣ?"

"ಕೆಂಪು. ಅತ್ತೇದು."

ಮುನಿಗಂಗಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕತ್ತಲು ಕವಿಯುತ್ತಿದ್ದ ಹೊತ್ತಿನಲ್ಲಿ ನಮಗೆ ಯಾರಿಗೂ ಕಾಣದ ಟೇಪು ಆ ಹುಡುಗಿಗೆ ಕಂಡಿತ್ತು. ದಿನವೂ ಏನು ತಿನ್ನುತ್ತೀಯ ಎಂದು ಡಾಕ್ಟರಮ್ಮ ಕೇಳಿದರೆ, ಮರದ ಬುಡದ ಸೊಪ್ಪು ಎಂದಳು. ಆಗ ಅವರು ಬಂದವರನ್ನೆಲ್ಲ ಬಗ್ಗಿಸಿ ಪಾತಿಗಳನ್ನು ತೋರಿಸಿದರು. ನನ್ನ ಉಪನ್ಯಾಸದಲ್ಲಿ ಪಾತಿಯ ಸೊಪ್ಪಿನ ಮಾತೇ ಇರಲಿಲ್ಲ.

ಹಣ್ಣುಗಳನ್ನೆಲ್ಲ ಬಿಚ್ಚಿ, ಹೆಚ್ಚಿ, ಮಕ್ಕಳಿಗೆ ಹಂಚಿದೆವು. ಶಾಸನದ ಪ್ರಕಾರ ಸಮಪಾಲು. ಸೋರೆಕಾಯಿ ಕುಪ್ಪುಸ್ವಾಮಿಯ ಮನೆಯ ಸಾಂಬಾರಿಗೆ ಹೋಯಿತು.

ಹಳ್ಳಿಯ ಹೆಂಗಸರು ಹೊರಟ ಮೇಲೆ ರತ್ನ ಮುಂದಿನ ದಾರಿ ಹೇಳಿದಳು. ಲೈನಿಗೆ ಒಂದು ಗಂಡು ಮರ ಇದ್ದರೆ ಸಾಕು, ಉಳಿದವನ್ನು ಕಡಿದು ಗುಣಿಗೆ ಮೂರು ಮೂರು ಸಸಿ ನೆಟ್ಟು, ಹೂ ಬಿಟ್ಟ ಮೇಲೆ ಆರಿಸಿಕೊಳ್ಳೋಣ ಎಂದಳು. ಎಲ್ಲರ ಮುಖವೂ ಬಾಡಿತು. ಮಗನಂತೆ ಸಾಕಿದ ಮರವನ್ನು ಕಡಿಯುವುದೆಂತು? ಕುಪ್ಪುಸ್ವಾಮಿ ತನ್ನದನ್ನು ಉಳಿಸಿ ಎಂದ. ಮುನಿಗಂಗಮ್ಮ ತನ್ನದಿರಲಿ ಎಂದಳು. ನಾನು ಗಂಟಲು ಸರಿಮಾಡಿಕೊಂಡು, ಈ ಚಳವಳಿಯ ಸ್ಥಾಪಕನ ಮರ ಎಂಬ ಕಾರಣಕ್ಕಾದರೂ ನಮ್ಮದು ಉಳಿಯಬೇಕು ಎಂದು ಸೂಚಿಸಿದೆ.

ರತ್ನ ಒಮ್ಮೆ ಮರವನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

"ಬರೀ ಊವು ಬಿಟ್ಕೊಂಡು ನೆಟ್ಟಗೆ ನಿಂತಿರೋ ಗಂಡು ನಮ್ಮನೇಲಿ ಆಗ್ಲೇ ಒಂದದೆ. ಮೊದ್ಲು ನಮ್ದನ್ನೇ ಕಡೀರಿ" ಎಂದಳು.

ಮಚ್ಚು ತರಲು ನಾನೇ ಒಳಗೆ ಹೋದೆ.