ತಾತನ ಎಡೆಯಲ್ಲಿ ಮಸಾಲೆ ದೋಸೆ

ಸತ್ತವರ ಪಾಡು ಯಾರಿಗೂ ಬೇಡ. ಬಡಿಸುವಾಗ ಎಲೆಗೆ ಕೈ ಅಡ್ಡ ಹಿಡಿದು ‘ಬೇಡ’ ಎನ್ನುವ ಅವಕಾಶವೂ ಅವರಿಗಿಲ್ಲ. ಇದು ನನಗೆ ಹೊಳೆಯುವುದು ವರ್ಷಕ್ಕೊಮ್ಮೆ, ಮಹಾಲಯ ಅಮಾವಾಸ್ಯೆಯ ದಿನ, ಯಲಹಂಕದ ಪಕ್ಕದ ಸಿಂಗಾಪುರ ಎಂಬ ಊರಿನ ನಮ್ಮ ಮನೆಯಲ್ಲಿ ತಾತನ ಫೋಟೊ ಮುಂದೆ ಎಡೆ ಇಡುವಾಗ. ಹೋದವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಎಲೆಯಲ್ಲಿಟ್ಟು, ಧೂಪ ಹಾಕಿ, ಬಾಗಿಲು ಮುಂದಕ್ಕೆಳೆದು ನಾವೆಲ್ಲ ಹೊರಗೆ ಕೂರುತ್ತೇವೆ. ಹಿರಿಯರು ಬಂದು ಉಂಡು ಹೋಗುತ್ತಾರೆ. ಪದ್ಧತಿಯೇನೋ ಚೆನ್ನಾಗಿದೆ. ತಲೆನೋವೆಲ್ಲ ಆ ‘ಇಷ್ಟ’ದ್ದು.

ತಾತ ರಾಗಿ ಬೆಳೆದ ಹೊಲ ಅವರ ಕಣ್ಣೆದುರೇ ಲೇಔಟ್ ಆಯಿತು. ತಾತ ಮಾತ್ರ ಲೇಔಟಿಗೆ ಮರ್ಯಾದೆ ಕೊಟ್ಟವರಲ್ಲ. ಪಾರ್ಸೆಲ್ ತರುವವರು ಫೋನಿನಲ್ಲಿ ದಾರಿ ಕೇಳಿದರೆ, “ಉಣಸೆಮರದತ್ರ ಎಡಕ್ ತಿರುಗ್ಕೊಳಪ್ಪ” ಎನ್ನುತ್ತಿದ್ದರು. ಆ ಮರ ಕಡಿದು, ಅಲ್ಲಿ ಜಿಮ್ ಬಂದು ಯಾವ ಕಾಲವಾಗಿತ್ತೋ! ನಾನು ರೇಗಿದರೆ, “ಮರ ಓದ್ರೆ ತಿರುವೂ ಓಯ್ತದಾ?” ಎಂದು ನನ್ನನ್ನೇ ಕೇಳುತ್ತಿದ್ದರು. ಅಂಥ ಮನುಷ್ಯನನ್ನು ಅವರಿದ್ದ ಹಾಗೆಯೇ ನೆನೆಯಬೇಕು ಎಂಬುದು ನನ್ನ ಹಟ. ಇಲ್ಲದಿದ್ದರೆ ಇನ್ನು ಸ್ವಲ್ಪ ವರ್ಷಕ್ಕೆ ಆ ಫೋಟೊದಲ್ಲಿರುವವರು ಬೇರೆ ಯಾರೋ ಆಗಿಬಿಡುತ್ತಾರೆ. ನಿಜವಾಗಿಯೂ ನನಗೆ ಆ ಭಯವಿದೆ.

ಈ ಸಲದ ಕತೆ ಕೇಳಿ. ಚಿಕ್ಕಪ್ಪ ಮಟನ್ ಬಿರಿಯಾನಿ ತಂದರು. “ಅಪ್ಪಂಗೆ ಬಿರಿಯಾನಿ ಅಂದ್ರೆ ಪ್ರಾಣ ಕಣಮ್ಮ” ಎಂದರು. ತಾತನಿಗೆ ಹಲ್ಲೇ ಇರಲಿಲ್ಲ. ಬಿರಿಯಾನಿಗೆ ಪ್ರಾಣ ಬಿಡುವವರು ಚಿಕ್ಕಪ್ಪ. ಅತ್ತೆ ಗೋಬಿ ಮಂಚೂರಿ ಹಿಡಿದು ಬಂದರು. ತಾತ ಒಮ್ಮೆ ಅದನ್ನು ಬಾಯಿಗಿಟ್ಟು, ಅದು ಹೂಕೋಸು ಎಂದು ಯಾರು ಹೇಳಿದರೂ ನಂಬದೆ ಎದ್ದುಹೋದದ್ದು ನನಗಿನ್ನೂ ನೆನಪಿದೆ. ನನ್ನ ತಮ್ಮನಂತೂ ಸಕ್ಕರೆಯಿಲ್ಲದ ಕೋಲಾ ಇಟ್ಟ. “ತಾತಂಗೆ ಶುಗರ್ ಇತ್ತಲ್ವಾ, ಅದಕ್ಕೆ” ಅಂತೆ. ಸತ್ತ ಮೇಲೂ ಪಥ್ಯ!

ನನಗೆ ರೇಗಿಹೋಯಿತು. “ಇದು ತಾತನ ಎಡೆನೋ, ನಿಮ್ದೋ? ಅವ್ರಿಗೇನಿಷ್ಟ ಅಂತ ಒಬ್ರಿಗಾದ್ರೂ ಗೊತ್ತಾ?” ಎಂದು ಕೂಗಾಡಿ, ಯಲಹಂಕದಿಂದ ಕಟ್ಟಿಸಿ ತಂದಿದ್ದ ಮಸಾಲೆ ದೋಸೆಯನ್ನು ಎಲೆಯ ನಟ್ಟನಡುವೆ ಇಟ್ಟೆ. ಇದರಲ್ಲಿ ಅನುಮಾನದ ಮಾತೇ ಇಲ್ಲ. ಭಾನುವಾರ ಬಂತೆಂದರೆ ತಾತ ನನ್ನ ಸ್ಕೂಟರಿನ ಹಿಂದೆ ಕೂತು ಅದೇ ಹೋಟೆಲಿಗೆ ಬರುತ್ತಿದ್ದರು. ತಮ್ಮ ದೋಸೆಯಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕುತ್ತಿದ್ದರು. ಅಷ್ಟು ಪ್ರೀತಿಯ ತಿಂಡಿಯಲ್ಲೂ ಪಾಲು ಕೊಡುವ ಮನಸ್ಸು ಯಾರಿಗಿದೆ, ಹೇಳಿ?

ಬಾಗಿಲು ಎಳೆಯುವ ಹೊತ್ತಿಗೆ ಅಜ್ಜಿ ಅಡುಗೆಮನೆಯಿಂದ ಮೆಲ್ಲಗೆ ಬಂದರು. ಕೈಯಲ್ಲಿ ಪುಟ್ಟದೊಂದು ಮುದ್ದೆ, ಬಟ್ಟಲಲ್ಲಿ ಉಪ್ಸಾರು. ಎಲೆಯಲ್ಲಿ ಜಾಗವಿರಲಿಲ್ಲ. ನನ್ನ ದೋಸೆಯನ್ನು ಅಂಚಿಗೆ ತಳ್ಳಿದರು.

“ಅಜ್ಜಿ, ಅದನ್ಯಾಕ್ ತಳ್ತೀಯಾ? ದೋಸೆ ಅಂದ್ರೆ ತಾತಂಗೆ ಎಷ್ಟಿಷ್ಟ!” ಎಂದೆ.

“ಯಾರಂದ್ರು? ಎಣ್ಣೆ ತಿಂಡಿ ಕಂಡ್ರೇ ಆಗ್ತಿರ್ಲಿಲ್ಲ ಅವ್ರಿಗೆ. ನಿನ್ ಜೊತೆ ಓಗ್ ಬಂದ್ಮೇಲೆ ಇಲ್ ಕೂತು ಮುದ್ದೆ ಉಣ್ತಿದ್ರು.”

“ಮತ್ತೆ ವಾರವಾರಾನೂ ಯಾಕ್ ಬರ್ತಿದ್ರು?”

“ಮಗಾ ಆಸೆಯಿಂದ ಕರೀತದೆ, ಒಲ್ಲೆ ಅಂದ್ರೆ ಮುಖ ಸಪ್ಪಗ್ ಮಾಡ್ಕೊಂತದೆ ಅಂತಿದ್ರು.”

ಚಿಕ್ಕಪ್ಪ ಕಿಸಕ್ಕನೆ ನಕ್ಕರು. “ನೀನೇನ್ಲಾ ನಗ್ತೀಯ? ನೀನ್ ಬಿರಿಯಾನಿ ತಂದ್ ದಿನಾನೂ ಇಂಗೇಯ, ಆಮೇಲ್ ಮುದ್ದೆನೇ ಉಣ್ತಿದ್ರು” ಎಂದು ಅಜ್ಜಿ ಅವರ ಬಾಯಿಯನ್ನೂ ಮುಚ್ಚಿಸಿದರು.

ಹೊರಗೆ ಕೂತಾಗ ನನಗೆ ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಒಂದು ಸಲ ‘ಬೇಡ ಕಣವ್ವ’ ಅಂದಿದ್ದರೆ ಈ ಮನುಷ್ಯನ ಗಂಟೇನು ಹೋಗುತ್ತಿತ್ತು? ಬಾಗಿಲು ತೆಗೆದಾಗ ದೋಸೆ ಆರಿ ಮೆತ್ತಗಾಗಿತ್ತು. ಮೊದಲೆಲ್ಲ ಅರ್ಧ ಕೊಡುತ್ತಿದ್ದ ತಾತ ಈಗ ಪೂರ್ತಿ ನನಗೇ ಬಿಟ್ಟಿದ್ದರು. ಕೂತು ತಿಂದೆ. ಮುಂದಿನ ವರ್ಷ ಮುದ್ದೆ ನಾನೇ ಕಟ್ಟುತ್ತೇನೆ ಎಂದು ಅಜ್ಜಿಗೆ ಮಾತು ಕೊಟ್ಟಿದ್ದೇನೆ. ದೋಸೆಯನ್ನೂ ತರುತ್ತೇನೆ. ಬದುಕಿದ್ದಾಗಲೇ ನನಗೆ ಬೇಡ ಅನ್ನದವರು, ಈಗ ಅನ್ನುತ್ತಾರೆಯೇ?